ಹಬ್ಬದ ಕಾಣಿಕೆ: ಒಂದು ಸೇರು ಬೀಜ

ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು 1994ರಲ್ಲಿ ನೆಲೆಗೊಳಿಸಿದ ಜಾನಪದ ಲೋಕದಲ್ಲಿ ಕೂರಿಗೆ, ಕುಂಟೆ, ಬೀಸುವ ಕಲ್ಲುಗಳು ಉಳಿದಿವೆ. ಅಲ್ಲಿಯ ಲೋಕೋತ್ಸವ ಜನರನ್ನು ಅವುಗಳ ಬಳಿಗೆ ಕರೆತರುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೂ ಅಂಥದೊಂದು ಊರ ಸಂಗ್ರಹಾಲಯ, ಅದಕ್ಕೊಂದು ವಾರ್ಷಿಕ ಹಬ್ಬ ಬೇಕೆನ್ನುವುದು ಯುಕ್ತವೇ. ಆದರೆ ಮರದ ಕೂರಿಗೆಯನ್ನು ಎಣ್ಣೆ ಸವರಿ ತಲೆಮಾರುಗಳ ಕಾಲ ಕಾಪಾಡಬಹುದು. ರಾಗಿ, ಸಾಮೆ, ನವಣೆಯ ಬೀಜವನ್ನಲ್ಲ. ವಾಡೆಯಲ್ಲಿಟ್ಟರೂ ಕೆಲವು ವರ್ಷಗಳಲ್ಲಿ ಅದರ ಮೊಳೆಯುವ ಶಕ್ತಿ ಕುಗ್ಗುತ್ತದೆ. ಬಿತ್ತಿ ಬೆಳೆದರಷ್ಟೇ ಅದು ಉಳಿಯುವುದು.

ಸೋಲಿಗರ ರೊಟ್ಟಿಹಬ್ಬ ನಡೆಯುವುದೇ ಹೊಸ ರಾಗಿಯಿಂದ. ಸಂಗ್ರಹಾಲಯದ ಹಬ್ಬಕ್ಕೂ ಹಣದ ರಸೀದಿಗಿಂತ ಮೊದಲು ಮನೆಗೊಂದು ಸೇರು ಬೀಜ ಕಾಣಿಕೆಯಾಗಿ ಬರಲಿ. ಕೂಡಿದ ನಿಧಿಯಲ್ಲಿ ಗೋಡೆಯ ಸುಣ್ಣಬಣ್ಣಕ್ಕೆ ಮುನ್ನ, ಆ ಬೀಜವನ್ನು ಮಳೆಯಾಶ್ರಯದ ಹೊಲದಲ್ಲಿ ಬಿತ್ತುವ ರೈತರಿಗೆ ಪಾಲು ಸಲ್ಲಲಿ. ಅವರು ಮುಂದಿನ ಹಬ್ಬಕ್ಕೆ ಒಂದಕ್ಕೆ ಎರಡು ಸೇರು ಹಿಂದಿರುಗಿಸಲಿ. ಆನೆ, ಹಂದಿ ಮೇಯ್ದ ವರ್ಷ ಮಾತ್ರ ಲೆಕ್ಕ ಕೇಳಬಾರದು.