ಹೊಸಪೇಟೆ ಅಂತ ಫೋಲ್ಡರ್ ಮಾಡಬೇಡಿ

ಮಿನಿ ಪ್ರಾಜೆಕ್ಟ್‌ನಲ್ಲಿ ಫೋಟೊ ಅಪ್‌ಲೋಡ್ ಇದೆ ಅಂದ್ರೆ ನಾವೆಲ್ಲ ಮೊದಲು ಮಾಡೋದು ಒಂದೇ ಕೆಲಸ: ಊರಿಗೊಂದು ಫೋಲ್ಡರ್. ಮನೆಮನೆಯ ಹಳೇ ಫೋಟೊ ಕೂಡಿಸೋಣ ಅಂತ ಹೊರಟಾಗ ನಮ್ಮ ಬಳಗಕ್ಕೂ ಹೊಳೆದಿದ್ದು ಅದೇ. ಜಿಲ್ಲೆ, ಅದರೊಳಗೆ ಊರು, ಅದರೊಳಗೆ ಕಳಿಸಿದವರು ಇಟ್ಟ ಹೆಸರಿನಲ್ಲೇ ಫೈಲು. ನೋಡೋಕೆ ಚಂದ. ಆದರೆ ಹಾಗೆ ಮಾಡಲೇಬಾರದು ಅಂತ ಈಗ ನಮ್ಮ ವಾದ.

ನಮ್ಮ ಊರುಗಳನ್ನೇ ನೋಡಿ. 2014ರ ನವೆಂಬರ್ 1ರಂದು ಇಂಗ್ಲಿಷಿನ 'ಹಾಸ್ಪೆಟ್' ಅಧಿಕೃತವಾಗಿ 'ಹೊಸಪೇಟೆ' ಆಯ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬಂತು. ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಅದಕ್ಕೂ ಮೊದಲು ಯಾರಾದರೂ 'ಬಳ್ಳಾರಿ/ಹಾಸ್ಪೆಟ್' ಅಂತ ಫೋಲ್ಡರ್ ಮಾಡಿದ್ದರೆ, ಇವತ್ತು ಒಂದೋ ತಪ್ಪು ಹೆಸರನ್ನೇ ಇಟ್ಟುಕೊಂಡಿರಬೇಕು, ಇಲ್ಲಾ ಫೈಲುಗಳನ್ನೆಲ್ಲ ಸರಿಸಿ ಹಳೇ ಲಿಂಕುಗಳನ್ನು ಮುರಿಯಬೇಕು. ಅದೇ ಮಾಹಿತಿ ಡೇಟಾಬೇಸಿನಲ್ಲಿದ್ದರೆ ಒಂದು ಸಾಲು ತಿದ್ದಿದರೆ ಸಾಕು. ಇನ್ನು ಹಂಪಿಯ ಹೊಳೆ ದಂಡೆಯಲ್ಲಿ ನಿಂತು ತೆಗೆದ ಫೋಟೊದಲ್ಲಿ ಆಚೆ ದಡದ ಆನೆಗೊಂದಿಯೂ ಬಂದಿರ್ತದೆ, ಅದು ಕೊಪ್ಪಳ ಜಿಲ್ಲೆ. ಯಾವ ಫೋಲ್ಡರಿಗೆ ಹಾಕ್ತೀರಿ?

ಕನ್ನಡದ ಹೆಸರಿನದು ಇನ್ನೊಂದು ತಂಟೆ. 'ಹೊಸಪೇಟೆ' ಅನ್ನೋದನ್ನ ಯೂನಿಕೋಡ್‌ನಲ್ಲಿ 7 ಸಂಕೇತಗಳಲ್ಲೂ ಬರೀಬಹುದು, 'ಹೊ' ಮತ್ತು 'ಪೇ'ಗಳ ಸ್ವರಚಿಹ್ನೆ ಬಿಡಿಸಿ 9ರಲ್ಲೂ ಬರೀಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹುಡುಕಿದರೆ ಅರ್ಧ ಫೋಟೊ ಸಿಗೋದಿಲ್ಲ. ಮಜಾ ಅಂದ್ರೆ ಹಂಪಿ, ಸಂಡೂರು, ಕಂಪ್ಲಿಗೆ ಈ ಕಾಟ ಇಲ್ಲ. ಹೋಲಿಸೋ ಮೊದಲು ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ ತಂದರೆ ಪರಿಹಾರವಾಗ್ತದೆ.

ಇದಕ್ಕಿಂತ ದೊಡ್ಡ ಹೊಡೆತ ಬೇರೆ ಇದೆ. ಫ್ಲಾಸ್ಕ್ ಬಳಸೋರು ಕಣ್ಮುಚ್ಚಿ ಹಾಕೋ 'ಸೆಕ್ಯೂರ್ ಫೈಲ್‌ನೇಮ್' ಫಂಕ್ಷನ್ ಆಸ್ಕಿ ಅಲ್ಲದ ಅಕ್ಷರಗಳನ್ನೆಲ್ಲ ಕಿತ್ತು ಹಾಕ್ತದೆ. 'ಹಂಪಿ.ಜೆಪಿಜಿ', 'ಕಂಪ್ಲಿ.ಜೆಪಿಜಿ' ಎರಡರಲ್ಲೂ ಊರು ಹೋಗಿ ಬರೀ 'ಜೆಪಿಜಿ' ಉಳೀತದೆ. ನೀವು ಅದೇ ಹೆಸರಲ್ಲಿ ಸೇವ್ ಮಾಡಿದರೆ ಎರಡನೆಯದು ಮೊದಲನೆಯದನ್ನು ನುಂಗಿತು ಅಂತಲೇ ಲೆಕ್ಕ. ಎರರ್ ಕೂಡ ಬರೋದಿಲ್ಲ.

ಹಾಗಾಗಿ ಡಿಸ್ಕಿನಲ್ಲಿ ಫೈಲಿಗೆ ಅರ್ಥವಿಲ್ಲದ ಹೆಸರೇ ಇರಲಿ, ಯುಯುಐಡಿ ಸಾಕು. ಅದರ ಮೊದಲ ಎರಡು ಅಕ್ಷರ ಹಿಡಿದು ಫೋಲ್ಡರ್ ಮಾಡಿದರೆ ಒಂದೇ ಕಡೆ ರಾಶಿ ಬೀಳೋದಿಲ್ಲ. ಊರು, ಜಿಲ್ಲೆ, ವರ್ಷ ಡೇಟಾಬೇಸಿಗೆ.

"ಡೇಟಾಬೇಸ್ ಹೋದರೆ ಯಾವ ಫೋಟೊ ಯಾವುದು ಅಂತ ಹೇಗಪ್ಪಾ ಗೊತ್ತಾಗೋದು?" ಅಂತ ಗೆಳೆಯರು ಕೇಳ್ತಾರೆ. ಪ್ರಶ್ನೆ ಸರಿಯಾದದ್ದೇ. ಅದಕ್ಕೇ ಬ್ಯಾಕಪ್ ಎರಡಕ್ಕೂ ಒಟ್ಟಿಗೇ ಆಗಬೇಕು, ಜೊತೆಗೆ ಯಾವ ಫೈಲು ಯಾವುದು ಅಂತ ಒಂದು ಸಿಎಸ್‌ವಿ ಪಟ್ಟಿಯೂ ಇರಬೇಕು.

ಆದರೆ ಕಳಿಸಿದವರು ಇಟ್ಟ ಹೆಸರನ್ನು ಮಾತ್ರ ಬಿಸಾಡಬೇಡಿ. 'ಅಜ್ಜ ಕಂಪ್ಲಿ ಸಂತೆ' ಅಂತ ಮೊಮ್ಮಗಳು ಟೈಪ್ ಮಾಡಿದ್ದಷ್ಟೇ ಆ ಫೋಟೊ ಬಗ್ಗೆ ಉಳಿದಿರೋ ಬರಹ ಆಗಿರಬಹುದು. ಅದಕ್ಕೊಂದು ಕಾಲಂ ಇಡಿ. ಅವಳು ಡೌನ್‌ಲೋಡ್ ಒತ್ತಿದಾಗ ಅದೇ ಹೆಸರಲ್ಲಿ ಫೈಲು ವಾಪಸ್ ಕೊಡಿ.