ನೆಡ್ ಕೆಲಿಯ ಬಾಲ್ಯ ಮತ್ತು ನಮ್ಮ ಮಕ್ಕಳು

ಈ ದೇಶದಲ್ಲಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಒಂದಲ್ಲ ಒಂದು ದಿನ ನೆಡ್ ಕೆಲಿಯ ಚಿತ್ರ ಬರೆದುಕೊಂಡು ಮನೆಗೆ ಬರುತ್ತಾರೆ. ತಲೆಗೆ ಕಬ್ಬಿಣದ ಡಬ್ಬಿಯಂಥ ಶಿರಸ್ತ್ರಾಣ, ಕೈಯಲ್ಲಿ ಬಂದೂಕು. ಇವನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದರೆ, "ಕಳ್ಳ, ಕೊಲೆಗಾರ, ಹೋಗಿ ಲೆಕ್ಕ ಮಾಡು" ಎಂದು ಸಾಗಹಾಕುವುದುಂಟು. ಅಷ್ಟು ಸಾಲದೆಂದು ನಮ್ಮ ಅಭಿಪ್ರಾಯ. ಅವನ ಬಾಲ್ಯವನ್ನೂ ಹೇಳಬೇಕು.

ತಂದೆ ಜಾನ್ ಕೆಲಿ ಐರ್ಲೆಂಡಿನ ಟಿಪರರಿಯವನು; ಎರಡು ಹಂದಿ ಕದ್ದದ್ದಕ್ಕೆ 1841ರಲ್ಲಿ ಶಿಕ್ಷೆಯಾಗಿ ಇಂದಿನ ಟಾಸ್ಮೇನಿಯಾಕ್ಕೆ ಹಡಗಿನಲ್ಲಿ ಬಂದ ಕೈದಿ. ಮೆಲ್ಬೋರ್ನಿನ ಉತ್ತರಕ್ಕೆ ಬೆವರಿಜ್ ಎಂಬಲ್ಲಿ ನೆಡ್ ಹುಟ್ಟಿದ. ಮುಂದೆ ಸಂಸಾರ ಆವೆನೆಲ್ ಊರಿಗೆ ಹೋಯಿತು. ಅಲ್ಲಿ 1865ರ ಸುಮಾರಿಗೆ, ಹೊಳೆಯಲ್ಲಿ ಮುಳುಗುತ್ತಿದ್ದ ರಿಚರ್ಡ್ ಶೆಲ್ಟನ್ ಎಂಬ ಏಳು ವರ್ಷದ ಹುಡುಗನನ್ನು ನೆಡ್ ನೀರಿಗಿಳಿದು ಎಳೆದು ತಂದ. ಅವನಿಗೇ ಆಗ ಹತ್ತೋ ಹನ್ನೊಂದೋ. ಶೆಲ್ಟನ್ ಮನೆಯವರು ಬಂಗಾರ ಬಣ್ಣದ ಕುಚ್ಚಿದ್ದ ಹಸಿರು ರೇಷ್ಮೆಯ ನಡುಪಟ್ಟಿಯನ್ನು ಬಹುಮಾನ ಕೊಟ್ಟರು. 1866ರ ಕೊನೆಯಲ್ಲಿ ತಂದೆ ತೀರಿಕೊಂಡಾಗ ಮರಣದ ದಾಖಲೆಗೆ ಸಹಿ ಹಾಕಿದವನೂ ಈ ಹುಡುಗನೇ.

1871ರಲ್ಲಿ, ಹದಿನಾರರ ನೆಡ್‌ಗೆ ಕದ್ದ ಕುದುರೆ ಇಟ್ಟುಕೊಂಡ ತಪ್ಪಿಗೆ ಮೂರು ವರ್ಷ ಸಜೆಯಾಯಿತು. ಆ ಕುದುರೆಯನ್ನು ಹೊಡೆದುಕೊಂಡು ಹೋಗಿದ್ದವನಿಗೆ ಹದಿನೆಂಟೇ ತಿಂಗಳು! ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಆದರೆ ಅವನ ಮೇಲೆ ಬಂದ ಮೊದಲ ಮೊಕದ್ದಮೆ 1869ರದು: ಆಹ್ ಫೂಕ್ ಎಂಬ ಚೀನೀ ವ್ಯಾಪಾರಿಯನ್ನು ಹೊಡೆದು ದೋಚಿದನೆಂಬ ಆರೋಪ. ಅದು ಸಾಬೀತಾಗಲಿಲ್ಲ, ನಿಜ. ಆದರೂ ಏಷ್ಯಾದಿಂದ ಬಂದ ನಾವು ಆ ಹೆಸರನ್ನು ಬಿಟ್ಟು ಕಥೆ ಹೇಳಬಾರದು. ಬಡ ಐರಿಷರಿಗಿಂತಲೂ ಕೆಳಗೆ ನಿಂತವರು ಆಗ ಇಲ್ಲಿದ್ದರು.

"ಪಾಪ, ಕಷ್ಟಪಟ್ಟವನು, ಅದಕ್ಕೇ ಹಾಗಾದ" ಎನ್ನುವವರೂ ಇದ್ದಾರೆ. ಪ್ರಯೋಗಾಲಯದಲ್ಲಿ ದಿನ ಕಳೆಯುವ ನಮಗೆ ಈ ಸಲೀಸು ಸಮೀಕರಣ ಒಪ್ಪಿಗೆಯಿಲ್ಲ. ಅದೇ ಬಡತನದಲ್ಲಿ, ಅದೇ ಪೊಲೀಸರ ಕಾಟದಲ್ಲಿ ಎಷ್ಟೋ ಮಕ್ಕಳು ಬೆಳೆದರು. ಬಂದೂಕು ಹಿಡಿದವರು ಕೆಲವರೇ. 1878ರಲ್ಲಿ ಸ್ಟ್ರಿಂಗಿಬಾರ್ಕ್ ತೊರೆಯ ಬಳಿ ಕೆಲಿಯ ತಂಡ ಕೊಂದ ಲೊನಿಗನ್, ಸ್ಕ್ಯಾನ್ಲನ್, ಕೆನೆಡಿ, ಮೂವರು ಪೊಲೀಸರೂ ಐರ್ಲೆಂಡಿನಲ್ಲಿಯೇ ಹುಟ್ಟಿದವರು. ಇವರ ಚಿತ್ರವನ್ನು ಯಾವ ಮಗುವೂ ಬರೆದು ತಂದದ್ದನ್ನು ನಾವು ಕಂಡಿಲ್ಲ.

1880ರ ಜೂನಿನಲ್ಲಿ ಗ್ಲೆನ್‌ರೋವನ್ನಿನಲ್ಲಿ ಸೆರೆಸಿಕ್ಕಾಗ, ಕಬ್ಬಿಣದ ಕವಚದ ಒಳಗೆ ನೆಡ್ ಆ ಹಸಿರು ಪಟ್ಟಿಯನ್ನು ಕಟ್ಟಿಕೊಂಡಿದ್ದ. ನವೆಂಬರಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ರಕ್ತದ ಕಲೆಯ ಆ ಪಟ್ಟಿ ಬೆನಾಲ್ಲಾ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಮೆಲ್ಬೋರ್ನಿನಿಂದ ಸಿಡ್ನಿಗೆ ಕಾರಿನಲ್ಲಿ ಹೋಗುವವರು ಬುತ್ತಿ ಬಿಚ್ಚಲು ಹೇಗೂ ಎಲ್ಲಾದರೂ ನಿಲ್ಲಲೇಬೇಕಲ್ಲ, ಅಲ್ಲಿಯೇ ನಿಂತು ಮಕ್ಕಳಿಗೆ ತೋರಿಸಿ. ಪೊಲೀಸರ ಹೆಸರುಗಳನ್ನೂ ಅಲ್ಲಿಯೇ ಹೇಳಿ.