ಹೊಗಳಿದರೆ ಸಂಶೋಧನೆ, ತೆಗಳಿದರೆ ಷಡ್ಯಂತ್ರವೇ?

ಚಿಕ್ಕೇರೂರಿನ ಬಂಧುವೊಬ್ಬರ ಮನೆಯಲ್ಲಿ ಅಕೀಕಾ ಸಮಾರಂಭ. ಮಗುವಿಗೆ ಏಳನೆಯ ದಿನ. ಬಾಣಂತಿ ಮತ್ತು ಮಗುವನ್ನು ನೋಡಿ ಹೋಗಲು ಆಶಾ ಕಾರ್ಯಕರ್ತೆಯೂ ಅದೇ ದಿನ ಬಂದಿದ್ದರು. ಹಸುಗೂಸಿನ ಎರಡೂ ಕಣ್ಣುಗಳ ಅಂಚಿಗೆ ದಟ್ಟವಾಗಿ ಸುರ್ಮಾ ಹಚ್ಚಿದ್ದನ್ನು ಕಂಡು ಆಕೆ ಮನೆಯ ಹಿರಿಯರಿಗೆ ವಿನಯದಿಂದಲೇ ಹೇಳಿದರು: "ಸಾಹೇಬ್ರ, ಕೂಸಿನ ಕಣ್ಣಿಗೆ ಇದನ್ನ ಹಚ್ಚಬ್ಯಾಡ್ರಿ. ಇದರಾಗ ಸೀಸ ಇರ್ತೈತಿ." ಹಿರಿಯರು ನಕ್ಕುಬಿಟ್ಟರು. "ತಂಗೀ, ನಿಮ್ಮ ಮಂದಿ ಮಕ್ಕಳಿಗಿಂತ ನಮ್ಮ ಮಂದಿ ಮಕ್ಕಳು ಹೆಚ್ಚು ಬದುಕ್ತಾವಂತ ಸರಕಾರದ ಲೆಕ್ಕಾನ ಹೇಳೈತಿ. ನಮ್ಮ ಪದ್ಧತಿ ನಮಗಿರಲಿ." ನೆರೆದವರೆಲ್ಲ ತಲೆದೂಗಿದರು. ಆಕೆ ಮಗುವಿನ ತೂಕ ಬರೆದುಕೊಂಡು ಹೊರಟುಹೋದರು.

ಹಿರಿಯರು ಸುಳ್ಳು ಹೇಳಲಿಲ್ಲ. ಅಂತಹ ಲೆಕ್ಕ ಇದೆ. ಆದರೆ ಆ ಲೆಕ್ಕಕ್ಕೂ ಸುರ್ಮಾಕ್ಕೂ ಏನು ಸಂಬಂಧ ಎಂದು ನೆರೆದವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಬೇಕಾಗಿದ್ದ ನಾನೂ ಸುಮ್ಮನಿದ್ದೆ. ಈ ಲೇಖನವು ಆ ಮೌನಕ್ಕೆ ಪ್ರಾಯಶ್ಚಿತ್ತವೆಂದೇ ಓದುಗರು ತಿಳಿಯಲಿ.

ಮಕ್ಕಳನ್ನು ಬೆಳೆಸುವ ನಮ್ಮ ರೀತಿ ನೀತಿಗಳ ಕುರಿತು 'ಅಧ್ಯಯನ'ದ ಹೆಸರಿನಲ್ಲಿ ಹೇಳಲಾಗುವ ಎಷ್ಟೋ ಮಾತುಗಳಲ್ಲಿ ತರ್ಕದೋಷವಿದೆ. ಅವುಗಳಲ್ಲಿ ಕೆಲವು ನಮ್ಮನ್ನು ಹಳಿಯುತ್ತವೆ, ಕೆಲವು ಹೊಗಳುತ್ತವೆ. ಹಳಿಯುವುದನ್ನು ಷಡ್ಯಂತ್ರವೆಂದು ತಳ್ಳಿಹಾಕುವ ನಾವು, ಹೊಗಳುವುದನ್ನು ಪರೀಕ್ಷೆಯಿಲ್ಲದೆ ತಲೆಯ ಮೇಲೆ ಹೊತ್ತುಕೊಳ್ಳುತ್ತೇವೆ. ಇದು ನ್ಯಾಯವೇ?

ಮೊದಲು ಹಳಿಯುವವರ ವಿಷಯಕ್ಕೆ ಬರೋಣ. ಮುಸ್ಲಿಮರು ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮದ್ರಸಾಕ್ಕೆ ತಳ್ಳುತ್ತಾರೆ, ಸಮುದಾಯ ಹಿಂದುಳಿಯಲು ಅದೇ ಕಾರಣ ಎಂಬ ವಾದವನ್ನು ಕೇಳದವರಾರು? ಚಿಕ್ಕೇರೂರಿನಲ್ಲೋ ಹಾನಗಲ್ಲಿನಲ್ಲೋ ಸವಣೂರಿನಲ್ಲೋ ಬೆಳಗಿನ ಹೊತ್ತು ಮಸೀದಿಯ ಮಗ್ಗುಲಲ್ಲಿ ನಿಂತು ನೋಡಿದವನಿಗೆ ಟೋಪಿ ಧರಿಸಿದ, ದುಪಟ್ಟಾ ಹೊದ್ದ ಮಕ್ಕಳ ಸಾಲು ಕಾಣಿಸುತ್ತದೆ. ಅವನು ಅಷ್ಟನ್ನೇ ಎಣಿಸಿ ವರದಿ ಬರೆಯುತ್ತಾನೆ. ಅವೇ ಮಕ್ಕಳು ಮನೆಗೆ ಹೋಗಿ, ಸಮವಸ್ತ್ರ ತೊಟ್ಟು, ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ನಡೆಯುವಾಗ ಅವನು ಅಲ್ಲಿರುವುದಿಲ್ಲ. 2006ರ ನವೆಂಬರಿನಲ್ಲಿ ಸಲ್ಲಿಕೆಯಾದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಈ ಗೊಂದಲವನ್ನು ನೇರವಾಗಿಯೇ ಎತ್ತಿ ತೋರಿಸಿತು. ಶಾಲೆಗೆ ಹೋಗುವ ಮಕ್ಕಳು ಬಿಡುವಿನ ವೇಳೆಯಲ್ಲಿ ಧಾರ್ಮಿಕ ಪಾಠ ಕಲಿಯುವ ಮಕ್ತಬ್ ಬೇರೆ, ಪೂರ್ಣಾವಧಿಯ ಮದ್ರಸಾ ಬೇರೆ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಲ್ಲಿ ಓದುವವರು ಶೇ. 3ರಿಂದ 4 ಮಾತ್ರ. ಮದ್ರಸಾದಲ್ಲಿ ಓದಿ, ಬಳಿಕ ಕಾಲೇಜಿನಲ್ಲಿ ಕಲಾ ಪದವಿ ಪಡೆದ ನನ್ನಂಥವರು ಈ ಸಣ್ಣ ಪಾಲಿಗೆ ಸೇರಿದವರು. ಎರಡನ್ನೂ ಒಂದೇ ಎಂದು ಎಣಿಸುವುದು ಸಂಶೋಧನೆಯಲ್ಲ.

ಇಲ್ಲಿಯವರೆಗೆ ಓದಿ ಓದುಗರು ಸಂತೋಷಪಟ್ಟಿರಬಹುದು. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ ಅಥವಾ ನಡುವೆ ಶಾಲೆ ಬಿಟ್ಟಿದ್ದರು. ನಮ್ಮ ವೇದಿಕೆಗಳಲ್ಲಿ ಶೇ. 4ರ ಲೆಕ್ಕವನ್ನು ನೂರಾರು ಸಲ ಕೇಳಿದ್ದೇನೆ. ಶೇ. 25ರ ಲೆಕ್ಕವನ್ನು ಎಷ್ಟು ಸಲ ಕೇಳಿದ್ದೇವೆ? ಒಂದೇ ವರದಿಯ ಒಂದು ಪುಟವನ್ನು ಓದಿ ಇನ್ನೊಂದನ್ನು ಮಡಚಿಡುವುದು ಯಾವ ಬಗೆಯ ಪ್ರಾಮಾಣಿಕತೆ?

ಮಕ್ಕಳ ಅನಾರೋಗ್ಯದ ಹೊಣೆಯನ್ನು ಸಮುದಾಯದ ಕೊರಳಿಗೆ ಕಟ್ಟುವ ಇನ್ನೊಂದು ವಾದವಿದೆ: ರಕ್ತಸಂಬಂಧದಲ್ಲಿ ಮದುವೆಯಾಗುವುದು ಮುಸ್ಲಿಮರ ಚಾಳಿ, ಅದರಿಂದಲೇ ಅವರ ಮಕ್ಕಳು ರೋಗಿಷ್ಠರು ಎಂಬುದು. ಬ್ರಿಟನ್ನಿನ ಪಾಕಿಸ್ತಾನಿ ಕುಟುಂಬಗಳ ಮೇಲಿನ ಅಧ್ಯಯನಗಳನ್ನು ಹಾಗೆಯೇ ಎತ್ತಿ ತಂದು ನಮ್ಮ ನಾಡಿನಲ್ಲಿ ನೆಡುವವರ ಮಾತಿದು. ಕರ್ನಾಟಕದಲ್ಲೇ ನಡೆದ ಅಧ್ಯಯನ ಹೇಳುವುದು ಬೇರೆ. 1980ರ ದಶಕದಲ್ಲಿ ಎ.ಎಚ್. ಬಿಟಲ್ಸ್ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿ ಕಲೆಹಾಕಿದರು. ರಕ್ತಸಂಬಂಧದ ಮದುವೆಗಳ ಪ್ರಮಾಣ ಹಿಂದೂಗಳಲ್ಲಿ ಸುಮಾರು ಮೂರರಲ್ಲೊಂದು, ಮುಸ್ಲಿಮರಲ್ಲಿ ಸುಮಾರು ನಾಲ್ಕರಲ್ಲೊಂದು ಇತ್ತು. ಸೋದರಮಾವನನ್ನು ವರಿಸುವ ರೂಢಿ ಈ ನಾಡಿನ ಹಲವು ಜಾತಿಗಳಲ್ಲಿದೆ. ಇಸ್ಲಾಮ್ ಅದನ್ನು ನಿಷೇಧಿಸಿದೆ. ಹಾಗೆಂದು ಚಿಕ್ಕಪ್ಪ-ದೊಡ್ಡಪ್ಪಂದಿರ, ಅತ್ತೆ-ಮಾವಂದಿರ ಮಕ್ಕಳ ನಡುವಿನ ಮದುವೆ ಅಪಾಯರಹಿತವೆಂದು ನಾವು ಬೀಗುವಂತಿಲ್ಲ. ಹತ್ತಿರದ ರಕ್ತದಲ್ಲಿ ಮದುವೆಯಾದರೆ ಕೆಲವು ವಂಶಪಾರಂಪರ್ಯ ರೋಗಗಳ ಸಾಧ್ಯತೆ ಹೆಚ್ಚುತ್ತದೆ. ಆ ಅಪಾಯ ಅಂಟಿಕೊಂಡಿರುವುದು ರಕ್ತದ ಸಾಮೀಪ್ಯಕ್ಕೆ. ಧರ್ಮದ ಹೆಸರಿಗಲ್ಲ.

ಇನ್ನು ಹಿರಿಯರು ಹೇಳಿದ ಲೆಕ್ಕಕ್ಕೆ ಬರೋಣ. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹುಟ್ಟಿದ ಸಾವಿರ ಮಕ್ಕಳಲ್ಲಿ ಒಂದು ವರ್ಷ ತುಂಬುವುದರೊಳಗೆ ತೀರಿಕೊಂಡವರು ಹಿಂದೂ ಕುಟುಂಬಗಳಲ್ಲಿ 77, ಮುಸ್ಲಿಮ್ ಕುಟುಂಬಗಳಲ್ಲಿ 59. ಬಡತನ ಹೆಚ್ಚು, ತಾಯಂದಿರ ಶಿಕ್ಷಣ ಕಡಿಮೆ, ಹೆರಿಗೆಗಳ ನಡುವಿನ ಅಂತರವೂ ಕಡಿಮೆ. ಆದರೂ ಮಕ್ಕಳು ಬದುಕುವುದು ಹೆಚ್ಚು. ಸೋನಿಯಾ ಭಲೋತ್ರ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಒಂದು ಒಗಟೆಂದೇ ಕರೆದರು. ನಮ್ಮ ಭಾಷಣಕಾರರಿಗೆ ಮಾತ್ರ ಅದು ಒಗಟಾಗಿ ಕಾಣಲಿಲ್ಲ. ನಮ್ಮ ಆಹಾರ, ನಮ್ಮ ಆಚಾರ, ನಮ್ಮ ತಾಯಂದಿರ ಪಾಲನೆ ಎಂದು ಕೂಡಲೇ ಉತ್ತರ ಕೊಟ್ಟುಬಿಟ್ಟರು.

2018ರಲ್ಲಿ ಮೈಕೆಲ್ ಜೆರುಸೊ ಮತ್ತು ಡೀನ್ ಸ್ಪಿಯರ್ಸ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ ಬೇರೆಯದೇ ಉತ್ತರವನ್ನು ಮುಂದಿಟ್ಟಿತು. 2005-06ರ ಸಮೀಕ್ಷೆಯ ಹೊತ್ತಿಗೆ ಹಿಂದೂ ಕುಟುಂಬಗಳಲ್ಲಿ ಶೇ. 67 ಬಯಲಿಗೆ ಹೋಗುತ್ತಿದ್ದರೆ, ಮುಸ್ಲಿಮ್ ಕುಟುಂಬಗಳಲ್ಲಿ ಆ ಪ್ರಮಾಣ ಶೇ. 42. ಮುಸ್ಲಿಮರು ಮುಸ್ಲಿಮರ ನೆರೆಯಲ್ಲೇ ಹೆಚ್ಚಾಗಿ ವಾಸಿಸುವುದರಿಂದ ಅವರ ಮಕ್ಕಳು ಆಡುವ ಮಣ್ಣಿನಲ್ಲಿ, ಕುಡಿಯುವ ನೀರಿನಲ್ಲಿ ರೋಗಾಣುಗಳು ಕಡಿಮೆ. ಗಮನಿಸಬೇಕಾದ ಅಂಶವೆಂದರೆ, ನೆರೆಹೊರೆಯವರು ಶೌಚಾಲಯ ಬಳಸುವ ಕೇರಿಯಲ್ಲಿ ಹಿಂದೂ ಮಗುವಿಗೂ ಅದೇ ರಕ್ಷಣೆ ಸಿಗುತ್ತದೆ. ಬಯಲಿಗೆ ಹೋಗುವವರ ನಡುವೆ ಬೆಳೆಯುವ ಮುಸ್ಲಿಮ್ ಮಗುವಿಗೆ ಅದು ತಪ್ಪುತ್ತದೆ. ಮಗುವನ್ನು ಕಾಯ್ದದ್ದು ತೊಟ್ಟಿಲ ಬಳಿಯ ಆಚಾರಕ್ಕಿಂತ ಹೆಚ್ಚಾಗಿ ಬೀದಿಯ ಶುಚಿತ್ವ. ಶುಚಿತ್ವವನ್ನು ವಿಶ್ವಾಸದ ಭಾಗವೆಂದು ಬಗೆಯುವ ನಮಗೆ ಇದು ಸಂತೋಷದ ವಿಷಯವೇ. ಆದರೆ ಮನೆಮನೆಗೆ ಶೌಚಾಲಯ ಬಂದಂತೆ ಈ ಅಂತರ ಕರಗಲೇಬೇಕು. ಆಗ ನಮ್ಮ ಹೆಮ್ಮೆ ಯಾವುದರ ಮೇಲೆ ನಿಲ್ಲುತ್ತದೆ? ಅದೇ 2005-06ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮುಸ್ಲಿಮ್ ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅದೂ ನಮ್ಮ ಪಾಲನೆಯ ಹಿರಿಮೆಯೇ?

ಈಗ ಸುರ್ಮಾ. ಪ್ರವಾದಿವರ್ಯರ(ಸ) ಕಾಲದಲ್ಲಿ ಬಳಕೆಯಲ್ಲಿದ್ದ 'ಇಸ್ಮಿದ್' ಕುರಿತು ಹದೀಸ್‌ಗಳಲ್ಲಿ ಉಲ್ಲೇಖವಿದೆ. ಆದರೆ ಪೇಟೆಯಲ್ಲಿ ಇಂದು ಸುರ್ಮಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಕಪ್ಪು ಪುಡಿ ಎಷ್ಟೋ ಸಲ ಸೀಸದ ಅದಿರನ್ನು ಅರೆದದ್ದು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ ನಡೆದು 1978ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಏಷ್ಯನ್ ಕುಟುಂಬಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿತು. ಸುರ್ಮಾ ಹಚ್ಚುತ್ತಿದ್ದ ಮಕ್ಕಳ ರಕ್ತದಲ್ಲಿ ಹಚ್ಚದವರಿಗಿಂತ ಹೆಚ್ಚು ಸೀಸ ಕಂಡುಬಂತು. ಇಲ್ಲಿ ಬಿಳಿಯರ ಮಕ್ಕಳೊಂದಿಗೆ ನಮ್ಮ ಮಕ್ಕಳನ್ನು ಹೋಲಿಸಲಿಲ್ಲ. ಒಂದೇ ಊರಿನ, ಒಂದೇ ಬಗೆಯ ಮನೆಗಳ ಮಕ್ಕಳನ್ನು ಪರಸ್ಪರ ಹೋಲಿಸಿದರು. ಹಾನಿಯ ದಾರಿಯೂ ಸ್ಪಷ್ಟ: ಮಗು ಕಣ್ಣುಜ್ಜಿ ಬೆರಳು ಚೀಪುತ್ತದೆ, ಪುಡಿ ಹೊಟ್ಟೆ ಸೇರುತ್ತದೆ. ಮಕ್ಕಳ ಮಟ್ಟಿಗೆ ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಬೆಳೆಯುವ ಮಿದುಳಿಗೆ ಪೆಟ್ಟು ಕೊಡುತ್ತದೆ.

"ನಾನೂ ಸುರ್ಮಾ ಹಚ್ಚಿಸಿಕೊಂಡೇ ಬೆಳೆದೆ, ನನಗೇನಾಗಿದೆ?" ಎಂದು ಕೇಳುವವರಿದ್ದಾರೆ. ಏನಾಗಿದೆ ಎಂಬುದು ಗೊತ್ತಾಗುವುದಾದರೂ ಹೇಗೆ? ಲೆಕ್ಕದಲ್ಲಿ ಹತ್ತು ಅಂಕ ಕಡಿಮೆ ಬಂದ ಹುಡುಗನನ್ನು ದಡ್ಡನೆಂದು ಬೈಯುತ್ತೇವೆಯೇ ಹೊರತು ಅವನ ರಕ್ತ ಪರೀಕ್ಷಿಸುವುದಿಲ್ಲ. ಏನೂ ಆಗದವನು ಪಂಕ್ತಿಯಲ್ಲಿ ಕುಳಿತು ಮಾತಾಡುತ್ತಾನೆ. ಏನೋ ಆದವನು ಸಾಕ್ಷಿ ಹೇಳಲು ಬರುವುದಿಲ್ಲ.

ಹದೀಸ್ ವಿದ್ವಾಂಸರು ಬಿಟ್ಟುಹೋದ ಪರಂಪರೆಯನ್ನು ಇಲ್ಲಿ ನೆನೆಯಬೇಕು. ಜನರನ್ನು ಕುರ್‌ಆನ್ ಪಠಣದತ್ತ ಸೆಳೆಯುವ ಸದುದ್ದೇಶದಿಂದಲೇ ಅಧ್ಯಾಯಗಳ ಮಹಿಮೆಯ ಕುರಿತು ಸುಳ್ಳು ಹದೀಸ್‌ಗಳನ್ನು ಕಟ್ಟಿದವರಿದ್ದರು. ಅವು ಕುರ್‌ಆನನ್ನು ಹೊಗಳುತ್ತವಲ್ಲ ಎಂದು ಆ ವಿದ್ವಾಂಸರು ಮೃದುವಾಗಲಿಲ್ಲ. ಹೇಳಿದವರಾರು, ಅವರಿಗೆ ತಲುಪಿದ್ದು ಹೇಗೆ, ಮಾತಿನೊಳಗೆ ವಿರೋಧವಿದೆಯೇ ಎಂದು ಶೋಧಿಸಿ, ಕಪೋಲಕಲ್ಪಿತವೆಂದು ಬದಿಗಿಟ್ಟರು. ಬಂದ ಸುದ್ದಿಯನ್ನು ಪರಿಶೀಲಿಸಿ, ಅರಿಯದೆ ಯಾರಿಗೂ ಹಾನಿ ಮಾಡಬೇಡಿ ಎಂಬುದು ಅಲ್ ಹುಜುರಾತ್ ಅಧ್ಯಾಯದ ತಾತ್ಪರ್ಯ. ಆ ಆದೇಶಕ್ಕೆ ನಮಗೆ ಹಿತವಾದ ಸುದ್ದಿಯೂ ಒಳಪಡುವುದಿಲ್ಲವೇ?

ಆದ್ದರಿಂದ ಮಕ್ಕಳ ಕುರಿತ ಯಾವುದೇ ಅಧ್ಯಯನ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಯಾರನ್ನು ಯಾರೊಂದಿಗೆ ಹೋಲಿಸಿದ್ದಾರೆ? ಆ ಎರಡು ಗುಂಪುಗಳ ನಡುವೆ ಬಡತನ, ನೀರು, ಶಾಲೆ, ನೆರೆಹೊರೆ ಮುಂತಾದ ಬೇರೆ ವ್ಯತ್ಯಾಸಗಳಿಲ್ಲವೇ? ಇದರಿಂದ ಅದಾಯಿತು ಎನ್ನುವುದಾದರೆ, ಹೇಗೆ ಆಯಿತೆಂದು ತೋರಿಸಿದ್ದಾರೆಯೇ? ಮದ್ರಸಾದ ಲೆಕ್ಕ ಈ ಪರೀಕ್ಷೆಯಲ್ಲಿ ಸೋಲುತ್ತದೆ. ನಮ್ಮ ಭಾಷಣಕಾರರ ಹೆಮ್ಮೆಯೂ ಸೋಲುತ್ತದೆ. ಗೆಲ್ಲುವುದು ನಮಗೆ ಅಪ್ರಿಯವಾದ ಸುರ್ಮಾದ ಅಧ್ಯಯನ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬೇಡಿರೆಂಬ ವೈದ್ಯರ ಮಾತೂ ಹೀಗೆಯೇ ಪರೀಕ್ಷೆಯಲ್ಲಿ ಗೆದ್ದದ್ದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ವಿಷವಾಗುತ್ತದೆ.

ಜಮಾಅತ್ ಸಮಿತಿಗಳ ಹೊಣೆಗಾರರು ಆಶಾ ಕಾರ್ಯಕರ್ತೆಯನ್ನು ಒಂದು ದಿನ ಮಹಿಳೆಯರ ಸಭೆಗೆ ಕರೆಯಲಿ. ಖತೀಬರು ಒಂದು ಶುಕ್ರವಾರವನ್ನು ಈ ವಿಷಯಕ್ಕೆ ಮೀಸಲಿಡಲಿ. ಮಕ್ಕಳು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು. ನಾಳೆ ಅವನ ಮುಂದೆ ಲೆಕ್ಕ ಒಪ್ಪಿಸುವಾಗ, ನೆರೆಯವರ ಮಕ್ಕಳಿಗಿಂತ ನಮ್ಮ ಮಕ್ಕಳು ಹೆಚ್ಚು ಬದುಕಿದರೆಂಬ ಅಂಕಿ ಉತ್ತರವಾಗದು. ಚಿಕ್ಕೇರೂರಿನ ಆ ಮನೆಯ ಗೂಡಿನಲ್ಲಿ ಸುರ್ಮಾದ ಡಬ್ಬಿ ಇನ್ನೂ ಇದೆ. ನಿಮ್ಮ ಮನೆಯ ಗೂಡಿನಲ್ಲೂ ಇದ್ದರೆ, ಇಂದೇ ತೆಗೆದುಬಿಡಿ.